ಊಸರವಳ್ಳಿಗೊಂದು ಬಕೆಟ್ ಮಂಜು

ಹಡಗಿನ ಕೆಲಸಕ್ಕೆ ಹೊರಟ ತಮ್ಮ, ಅಕ್ಕನ ಮನೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಬಿಟ್ಟುಹೋದ. ಅದರೊಳಗೊಂದು ಊಸರವಳ್ಳಿ. ಅಕ್ಕ ದಂತವೈದ್ಯರ ಬಳಿ ಸಹಾಯಕಿ, ಬೆಳಗಾದರೆ ಓಟ. ಹೀಗಾಗಿ ಪ್ರಾಣಿ ಬಂದು ಬಿದ್ದದ್ದು ಭಾವನ ಕೊರಳಿಗೆ. ಭಾವ ಗಡಿಯಾರ ರಿಪೇರಿಯವನು.

ಮೂರನೇ ವಾರ ಊಸರವಳ್ಳಿ ಪೊರೆ ಬಿಡತೊಡಗಿತು. ಮೈಮೇಲಿನದು ಉದುರಿತು, ಬೆರಳುಗಳದ್ದು ಮಾತ್ರ ಒಣಗಿ ದಾರ ಸುತ್ತಿದಂತೆ ಬಿಗಿದುಕೊಂಡಿತು. ಪಶುವೈದ್ಯೆ ನೋಡಿ, "ಗಾಳಿ ತೀರಾ ಒಣಗಿದೆ. ಪೆಟ್ಟಿಗೆಯಲ್ಲಿ ತೇವ ನೂರಕ್ಕೆ ಎಪ್ಪತ್ತರ ಹತ್ರ ಇರ್ಲಿ. ಮಂಜು ಬಿಡೋ ಯಂತ್ರ ಸಿಗುತ್ತೆ, ತಗೊಳ್ಳಿ," ಎಂದರು.

"ತಗೊಳ್ಳೋದಾ? ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸೋ ಕೈ ಇದು!" ಎಂದ ಗಡಿಯಾರದವನು, ಮನೆಗೆ ಬಂದಮೇಲೆ. "ಬಕೆಟ್ಟಲ್ಲಿ ಮಂಜೆಬ್ಬಿಸೋದು ಯಾವ ಮಹಾ ವಿದ್ಯೆ?"

ಭಾನುವಾರ ಕೂತೇಬಿಟ್ಟ. ಮುಚ್ಚಳದ ಬಕೆಟ್ಟಿಗೆ ನೀರು, ನೀರಲ್ಲಿ ಅಲಂಕಾರದ ಕಾರಂಜಿಯಿಂದ ಕಿತ್ತ ಮಂಜೆಬ್ಬಿಸುವ ಬಿಲ್ಲೆ, ಮುಚ್ಚಳದಲ್ಲಿ ಹಳೇ ಕಂಪ್ಯೂಟರಿನ ಫ್ಯಾನು, ಅಲ್ಲಿಂದ ಗಾಜಿನ ಪೆಟ್ಟಿಗೆಗೆ ಉದ್ದನೆಯ ಪೈಪು. ಮೊದಲ ಸಲ ಫ್ಯಾನು ಮಂಜನ್ನು ಹೊರಗೆಳೆಯುವಂತೆ ಕೂರಿಸಿದ. ಅದು ನೆನೆದು, ನಾಲ್ಕು ಸಲ ಕೆಮ್ಮಿ ಪ್ರಾಣ ಬಿಟ್ಟಿತು. ಎರಡನೆಯದನ್ನು ಒಣಗಾಳಿ ಒಳಗೆ ತಳ್ಳುವಂತೆ ತಿರುಗಿಸಿ ಕೂರಿಸಿದ. ಬೆಳ್ಳನೆಯ ಮಂಜು ಪೈಪಿನಲ್ಲಿ ವಿಧೇಯವಾಗಿ ಹರಿಯಿತು. ಹತ್ತೇ ನಿಮಿಷ. ಆಮೇಲೆ ಪೈಪು ಗೊಳಗೊಳ ಎಂದು ಮುಷ್ಕರ ಹೂಡಿತು. ಮಂಜೆಲ್ಲ ಮುಚ್ಚಳದ ಸಂದಿನಿಂದ ಕೋಣೆಗೆ ನುಗ್ಗಿತು. ಅವನು ನೆಲದ ಮೇಲೆ ಬೋರಲು ಬಿದ್ದು ಸಂದಿಗೆ ಬಟ್ಟೆ ತುರುಕುವಷ್ಟರಲ್ಲಿ ಅದು ಕಿಟಕಿಯಾಚೆಗೂ ಹೊರಟಿತ್ತು.

ಎದುರುಮನೆಯಲ್ಲಿದ್ದವರು ನಿವೃತ್ತ ಅಗ್ನಿಶಾಮಕರು. ಅವರು ನಿವೃತ್ತರಾದ ಮೇಲೆ ಐದು ವರ್ಷ ಆ ಬೀದಿಯಲ್ಲಿ ಒಂದು ಕಿಡಿಯೂ ಹಾರಿರಲಿಲ್ಲ. ಬಿಳಿ ಹೊಗೆ ಕಂಡದ್ದೇ ತಡ, ತುಂಬಿದ ಬಕೆಟ್ ಹಿಡಿದು ಓಡಿಬಂದರು.

"ಯಾರೂ ಗಾಬರಿ ಆಗ್ಬೇಡಿ!" ಎಂದು ಕೂಗಿ, ಕಿಟಕಿಯಿಂದ ಒಮ್ಮೆಗೇ ಎರಚಿದರು.

ನೀರು ನೆಟ್ಟಗೆ ಗಡಿಯಾರದವನ ಕುತ್ತಿಗೆಗೆ ಬಿತ್ತು. ಪೆಟ್ಟಿಗೆಯೊಳಗಿನ ತೇವದ ಮಾಪಕ ಇನ್ನೂ ನಲವತ್ತು ತೋರಿಸುತ್ತಿತ್ತು. ಹೊರಗಿದ್ದವನ ತೇವ ಮಾತ್ರ ನೂರಕ್ಕೆ ನೂರು. ಊಸರವಳ್ಳಿ ಒಂದು ಕಣ್ಣಿನಿಂದ ಅವನನ್ನೂ ಇನ್ನೊಂದರಿಂದ ಎದುರುಮನೆಯವರನ್ನೂ ಏಕಕಾಲಕ್ಕೆ ನೋಡಿತು.

ಹೊರಗೆ ಹೋಗಿದ್ದ ಹೆಂಡತಿ ಆ ಹೊತ್ತಿಗೇ ಬಂದಳು.

"ಬಕೆಟ್ಟೇ ಸರಿಯಿಲ್ಲ ಕಣೇ," ಎಂದ ಅವನು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕಿಸುತ್ತ.

"ಕುಣಿಯೋಕೆ ಬಾರದವನು ನೆಲ ಡೊಂಕು ಅಂದ್ನಂತೆ. ನೆಲ ನೆಟ್ಟಗಿದೆ, ಡೊಂಕಿರೋದು ನಿಮ್ಮ ಪೈಪು." ಜೋತುಬಿದ್ದ ಪೈಪಿನ ಹೊಟ್ಟೆಯನ್ನು ಅವಳು ಎತ್ತಿದಳು, ಕಟ್ಟಿನಿಂತ ನೀರು ಗೊಳಕ್ಕನೆ ಬಕೆಟ್ಟಿಗೆ ವಾಪಸಾಯಿತು. "ಬಾಯಿಂದ ಎಂಜಲು ಎಳೆಯೋ ಪೈಪು ದಿನಾ ಹಿಡಿಯೋಳು ನಾನು. ಜೋತುಬಿದ್ರೆ ಕಟ್ಟಿಕೊಳ್ಳುತ್ತೆ, ಅಷ್ಟೆ."

ಅಗ್ನಿಶಾಮಕರು ನಾಚಿಕೊಂಡೇ ಮನೆಯಿಂದ ಕೊಂಡಿಗಳನ್ನು ತಂದು ಪೈಪನ್ನು ಗೋಡೆಗೆ ಇಳಿಜಾರಾಗಿ ಬಿಗಿದುಕೊಟ್ಟರು. ಮಾಪಕ ಮೆಲ್ಲಗೆ ಏರಿ ಎಪ್ಪತ್ತಕ್ಕೆ ನಿಂತಿತು.

ಆಮೇಲಿನ ದಿನಗಳಲ್ಲಿ ಗಡಿಯಾರದವನು ನೀರು ಬದಲಿಸಲೆಂದೇ ಅಂಗಡಿ ಬೇಗ ಮುಚ್ಚತೊಡಗಿದ. ಐದನೆಯ ದಿನ ಬೆರಳುಗಳ ಪೊರೆ ಕೈಗವಸಿನಂತೆ ಸಲೀಸಾಗಿ ಕಳಚಿಬಂತು. ಅಷ್ಟು ದಿನ ಮುಟ್ಟಲು ಹೆದರುತ್ತಿದ್ದವನು ಕೈ ಚಾಚಿದ. ಊಸರವಳ್ಳಿ ತೂಗಾಡುತ್ತ ಮೊಣಕೈವರೆಗೂ ಹತ್ತಿಬಂತು. ಅವನು ಉಸಿರು ಬಿಗಿಹಿಡಿದು ನಿಂತೇ ಇದ್ದ.

ಆ ವಾರ ಭಾವಮೈದುನ ಹಡಗಿನಿಂದ ಫೋನು ಮಾಡಿ, "ಬದುಕಿದೆಯಾ ಭಾವ?" ಎಂದ.

"ಬದುಕೋದೇನು! ಮಂಜಿನ ಪೈಪು ಇಳಿಜಾರಲ್ಲಿದೆ ನೋಡು. ಅದು ಜೋತುಬೀಳಬಾರ್ದು ಅಂತ ನಾನೇ..."

ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸಿತು.

"...ನಿಮ್ಮಕ್ಕ ಹೇಳಿದ್ಲು," ಎಂದು ಮುಗಿಸಿದ.