ಗೋಪುರದಿಂದ ಕಾಣುವ ಮನೆ

ಜೀಪು ಹತ್ತುವ ಮೊದಲು ಟೈಲರಮ್ಮ ಮಗಳಿಗೆ ಮೂರು ಸಲ ಹೇಳಿದ್ದಳು. "ಹನ್ನೊಂದಕ್ಕೆ ಸರಿಯಾಗಿ ಹಾಕು. ತಾರಸಿ ಮೇಲಿನ ಹಗ್ಗಕ್ಕೇ ಹಾಕ್ಬೇಕು, ಹಿತ್ತಲಿನದ್ದಕ್ಕಲ್ಲ. ಕ್ಲಿಪ್ಪು ಮರೀಬೇಡ."

"ಚಾದರ ಒಣಹಾಕೋದಕ್ಕೂ ಟ್ರೇನಿಂಗ್ ಬೇಕೇನಮ್ಮಾ? ಹೋಗಿ ಬಾ," ಎಂದು ಮಗಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವಳ ಕೈಯಲ್ಲಿದ್ದದ್ದು ಆ ಕೆಂಪು ಚಾದರ. ಇಪ್ಪತ್ತನಾಲ್ಕು ವರ್ಷ ಟ್ರಂಕಿನ ತಳದಲ್ಲಿ ಬಿದ್ದಿತ್ತು. ನಿನ್ನೆ ಹೊರಗೆ ತೆಗೆದಾಗ ಮಡಿಕೆಯ ಗೆರೆಗಳಲ್ಲೆಲ್ಲ ಬಣ್ಣ ಬಿಳಿಚಿಕೊಂಡಿತ್ತು.

ಸರ್ಕಾರಿ ಕಾಡಿನ ನೆತ್ತಿಯಲ್ಲಿದ್ದ ಬೆಂಕಿ ಕಾವಲಿನ ಗೋಪುರದಲ್ಲಿ ಟೈಲರಮ್ಮನ ಗಂಡ ಹದಿನೇಳು ಬೇಸಿಗೆ ಕಾದಿದ್ದ. ಕಾಲು ಗಂಟೆಗೊಮ್ಮೆ ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸುವುದು, ಹೊಗೆ ಕಂಡರೆ ವೈರ್‌ಲೆಸ್‌ನಲ್ಲಿ ಆಫೀಸಿಗೆ ಹೇಳುವುದು. ಮನೆಗೆ ಬರುತ್ತಿದ್ದುದು ವಾರಕ್ಕೊಂದು ಸಲ. ಊರಂಚಿನ ಮನೆಯಲ್ಲಿ ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಇರಲು ಅವಳು ಹೆದರಿದಾಗ ಅವನೇ ಹೇಳಿದ್ದ: "ಗೋಪುರದಿಂದ ನಮ್ಮ ತಾರಸಿ ಅಂಗೈ ಮೇಲಿಟ್ಟ ಹಾಗೆ ಕಾಣುತ್ತೆ ಕಣೆ. ಏನಾದ್ರೂ ಆದ್ರೆ ಕೆಂಪು ಬಟ್ಟೆ ಹಾಕು. ಇಪ್ಪತ್ತು ನಿಮಿಷದಲ್ಲಿ ಜೀಪು ಬಾಗಿಲಲ್ಲಿರುತ್ತೆ."

ಅವಳು ಎರಡು ಕೆಂಪು ತುಂಡು ಸೇರಿಸಿ ದೊಡ್ಡ ಚಾದರ ಹೊಲಿದಳು. ಎರಡು ಸಲ ಹಾಕಿದಳು. ಅಡುಗೆಮನೆಗೆ ಹಾವು ಬಂದಾಗ ಒಮ್ಮೆ, ಮೆಟ್ಟಿಲು ಜಾರಿ ಕಾಲು ಉಳುಕಿದಾಗ ಒಮ್ಮೆ. ಎರಡು ಸಲವೂ ಜೀಪು ಬಂತು. ಗಂಡ ವಾರದ ರಜೆಗೆ ಬಂದಾಗಲೆಲ್ಲ ಹೇಳುತ್ತಿದ್ದ: "ಮಂಗಳವಾರ ನೀಲಿ ಪರದೆ ಒಗೆದು ಹಾಕಿದ್ದೆ ಅಲ್ವಾ? ಪುಟ್ಟಿ ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು ಕೈ ಬೀಸ್ತಿದ್ಲು." ಮಗಳು ಪುಟ್ಟಿಗೆ ಆಗ ನಾಲ್ಕು ವರ್ಷ. ಅಪ್ಪ ನೋಡ್ತಾರೆ ಎಂದು ದಿನಾ ಬೆಳಗ್ಗೆ ತಾರಸಿಗೆ ಓಡುತ್ತಿದ್ದಳು.

ಮೂರನೆಯ ಸಲ ಚಾದರ ಹಾಕಿದ್ದು ಗುಂಡನಿಗಾಗಿ. ಏಳು ವರ್ಷದ ಮಗ, ಹೊಟ್ಟೆ ಹಿಡಿದುಕೊಂಡು ಮುದುರಿಹೋಗಿದ್ದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಳು. "ಅಪ್ಪ ನೋಡಿರ್ತಾರೆ ಕಂದ, ಈಗ ಬಂದುಬಿಡುತ್ತೆ ಜೀಪು." ಇಪ್ಪತ್ತು ನಿಮಿಷ ಆಯಿತು. ಒಂದು ಗಂಟೆ ಆಯಿತು. ಎರಡು ಗಂಟೆಯ ಮೇಲೆ ಅವನನ್ನು ಎದೆಗವಚಿಕೊಂಡು ದೊಡ್ಡ ರಸ್ತೆಗೆ ಓಡಿದಳು. ಕರುಳಿನ ಬಾವು ಒಡೆದುಹೋಗಿತ್ತು. ಒಂದು ಗಂಟೆ ಮೊದಲು ತಂದಿದ್ದರೆ ಎಂದರು ಡಾಕ್ಟರು.

ಗಂಡ ಬಂದು ಅವಳೆದುರು ನಿಂತು ಒಂದೇ ಮಾತು ಆಡಿದ್ದ: "ನಿದ್ದೆ ಹೋಗ್ಬಿಟ್ಟೆ."

ಆ ಮಾತನ್ನು ಅವಳು ಇಪ್ಪತ್ತನಾಲ್ಕು ವರ್ಷ ಅರೆದಳು. ಅವನು ಕುರ್ಚಿಗೊರಗಿ ಕಣ್ಣು ಮುಚ್ಚಿದರೆ ಸಾಕು, "ಮಲ್ಕೊಳ್ಳಿ, ನಿಮಗೆ ನಿದ್ದೆ ಮುಖ್ಯ," ಎನ್ನುತ್ತಿದ್ದಳು, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. ಅವನು ಹಗಲಲ್ಲಿ ಒರಗುವುದನ್ನೇ ಬಿಟ್ಟ. ಎಂಟು ತಿಂಗಳ ಹಿಂದೆ ಆಸ್ಪತ್ರೆಯ ಮಂಚದಲ್ಲಿ, ಕೊನೆಯ ಮಧ್ಯಾಹ್ನ, ರೆಪ್ಪೆ ಎಳೆಯುತ್ತಿದ್ದರೂ ಕಣ್ಣು ಬಿಟ್ಟುಕೊಂಡೇ ಇರಲು ಹೆಣಗಾಡಿದ. 'ಮಲಗಿ' ಎಂಬ ಒಂದು ಮಾತು ಅವಳ ಬಾಯಿಂದ ಹೊರಡಲಿಲ್ಲ.

ತುಕ್ಕು ಹಿಡಿದ ಗೋಪುರವನ್ನು ಮುಂದಿನ ತಿಂಗಳು ಬಿಚ್ಚಿಹಾಕುತ್ತಾರೆಂದು ಸುದ್ದಿ ಬಂದಾಗ ಅವಳಿಗೆ ಒಂದು ಹಟ ಹತ್ತಿತು. ಅಷ್ಟು ದೊಡ್ಡ ಕೆಂಪು ಚಾದರ ಮೇಲಿಂದ ಎಷ್ಟು ಕಾಣುತ್ತದೆ? ಅರೆನಿದ್ದೆಯಲ್ಲಿದ್ದವನಾದರೂ ಅದನ್ನು ಕಾಣದೆ ಇರಲು ಸಾಧ್ಯವೆ? ಒಂದು ಸಲ ತನ್ನ ಕಣ್ಣಿಂದಲೇ ನೋಡಬೇಕು.

ಕರೆದುಕೊಂಡು ಬಂದದ್ದು ಕಾಡಿನ ಆಫೀಸಿನ ಜೀಪು ಓಡಿಸುತ್ತಿದ್ದ ಹಳೆಯ ಡ್ರೈವರು. ಗಂಡನನ್ನು ಅಣ್ಣ ಎನ್ನುತ್ತಿದ್ದವನು, ಇವಳಿಗೆ ಮೈದುನನಂತೆ.

"ಮೇಲೆ ಏನೂ ಇಲ್ಲ ಅತ್ತಿಗೆ, ಪಾರಿವಾಳದ ಹಿಕ್ಕೆ ಅಷ್ಟೆ," ಎಂದ ಗೋಪುರದ ಬುಡದಲ್ಲಿ. "ನನ್ನ ಮಂಡಿ ಬೇರೆ ನನಗಿಂತ ಮೊದಲೇ ರಿಟೈರ್ ಆಗಿದೆ."

"ನೀನು ಕೆಳಗೇ ಇರು, ಮಂಡಿ ಒತ್ಕೊಂಡು."

ಅವನು ಬೈದುಕೊಳ್ಳುತ್ತಲೇ ಹಿಂದೆ ಹತ್ತಿದ. ನೂರಾ ಹನ್ನೆರಡು ಕಬ್ಬಿಣದ ಮೆಟ್ಟಿಲು.

ಮೇಲಿನ ಕೋಣೆಗೆ ನಾಲ್ಕು ಕಡೆಯೂ ಗಾಜು. ಒರಗಲು ಬೆನ್ನಿಲ್ಲದ ಒಂದು ಸ್ಟೂಲು. ನಡುವೆ ದುಂಡನೆಯ ಕಬ್ಬಿಣದ ಮೇಜು. ಅದರ ಅಂಚಿಗೆ ದಿಕ್ಕಿನ ಅಂಕೆಗಳು, ಮೇಲೆ ತಿರುಗುವ ಒಂದು ಪಟ್ಟಿ. ಪಟ್ಟಿಯ ತುದಿಯ ತೂತಿಗೆ ಕಣ್ಣಿಟ್ಟು ಹೊಗೆ ಯಾವ ದಿಕ್ಕಿಗಿದೆ ಎಂದು ಅಳೆಯುತ್ತಿದ್ದರು. ಧೂಳು ಒರೆಸಿದಾಗ ಅಂಚಿನಲ್ಲೊಂದು ಗೀರು ಬೆರಳಿಗೆ ಸಿಕ್ಕಿತು. ಮೊಳೆಯಿಂದ ಕೆತ್ತಿದ ಪುಟ್ಟ ಮನೆ. ಮಕ್ಕಳು ಬರೆಯುವಂಥದ್ದು, ಒಂದು ಬಾಗಿಲು, ಎರಡು ಕಿಟಕಿ.

ಫೋನು ಬಂತು. "ಹಾಕಿದೀನಮ್ಮ. ಗಾಳಿಗೆ ಪಟಪಟ ಅಂತಿದೆ. ಸ್ವಲ್ಪ ನಿಧಾನಕ್ಕೆ ನೋಡು, ಕಟ್ ಮಾಡ್ಬೇಡ."

ಪಟ್ಟಿಯನ್ನು ಗೀರಿಗೆ ತಂದು ಅವಳು ತೂತಿಗೆ ಕಣ್ಣಿಟ್ಟಳು. ಗುಡ್ಡ. ಕಣ್ಣುಜ್ಜಿ ಮತ್ತೆ ನೋಡಿದಳು. ಉದ್ದಕ್ಕೆ ಮಲಗಿದ ಗುಡ್ಡ, ಅದರ ಮೇಲೆ ಆಕಾಶ. ಫೋನನ್ನು ಸೆರಗಿಗೆ ಒತ್ತಿ ಹಿಡಿದಳು.

"ಡ್ರೈವರಪ್ಪ, ಮನೆ ಯಾವ ಕಡೆ?"

"ಸರಿಯಾಗೇ ನೋಡ್ತಿದೀರ. ಆ ಗುಡ್ಡದ ಹಿಂದೆ."

"ಮರ ಬೆಳೆದು ಮುಚ್ಚಿದ್ಯಾ?"

"ಅದು ಗುಡ್ಡ ಅತ್ತಿಗೆ," ಎಂದ ಅವನು, ನೆಲ ನೋಡುತ್ತ. "ಗುಡ್ಡ ಬೆಳೆಯಲ್ಲ."

ಆಮೇಲೆ ಅವನಿಗೆ ತಡೆಯಲಾಗಲಿಲ್ಲ. ಆಗೆಲ್ಲ ಬೆಳಗ್ಗೆ ಜೀಪಲ್ಲಿ ನಿಮ್ಮ ಮನೆ ಮುಂದೇನೇ ಹೋಗ್ತಿದ್ದೆನಲ್ಲ, ಎಂದ. ಅಣ್ಣ ವೈರ್‌ಲೆಸ್‌ನಲ್ಲಿ ದಿನಾ ಕೇಳ್ತಿದ್ರು, ಹಗ್ಗದ ಮೇಲೆ ಇವತ್ತು ಏನಿದೆ, ಪುಟ್ಟಿ ಏನು ಮಾಡ್ತಿದಾಳೆ ಅಂತ. ಆ ಎರಡು ಸಲ ಕೆಂಪು ನೋಡಿದ್ದು ನಾನು. ಗುಂಡನ ದಿನ ಗೇರ್‌ಬಾಕ್ಸ್ ಕೆಟ್ಟು ನಾನು ಗ್ಯಾರೇಜಿನಲ್ಲಿದ್ದೆ.

"ನಿದ್ದೆ ಅಂದ್ರಲ್ಲ ಅವರು?"

"ಅವತ್ತು ಅವರು ಕಣ್ಣೇ ಮುಚ್ಚಿರಲಿಲ್ಲ. 'ಕಾಣಲ್ಲ ಅಂತ ಗೊತ್ತಾದ್ರೆ ಅವಳು ಕಾದಿದ್ದಕ್ಕೆ ತನ್ನನ್ನೇ ತಿಂದ್ಕೊಂಡುಬಿಡ್ತಾಳೆ. ನಿದ್ದೆ ಅಂದ್ರೆ ನನ್ನನ್ನ ತಿಂತಾಳೆ, ತಿನ್ನಲಿ' ಅಂದ್ರು. ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು."

ಅವಳ ಒಳಗಿಂದ ಎದ್ದು ಬಂದದ್ದು ಮೊದಲು ಸಿಟ್ಟೇ. ಎರಡು ಗಂಟೆ! ಕಾಣುವುದಿಲ್ಲ ಎಂದು ಗೊತ್ತಿದ್ದರೆ ಐದನೇ ನಿಮಿಷಕ್ಕೇ ಓಡುತ್ತಿದ್ದಳು. ಗುಂಡನಿಗೆ ಈಗ ಮೂವತ್ತೊಂದು ತುಂಬುತ್ತಿತ್ತು. "ಸುಳ್ಳುಗಾರ," ಎಂದಳು ಆ ಬೆನ್ನಿಲ್ಲದ ಸ್ಟೂಲಿಗೆ. ಎರಡನೇ ಸಲ ಅನ್ನಲು ಹೋದಳು, ಮಾತು ಮುರಿಯಿತು. ಬೆರಳು ಆ ಪುಟ್ಟ ಮನೆಯ ಮೇಲೇ ಇತ್ತು. ಕಾಣದ ಮನೆಯ ಕಡೆಗೆ ಹದಿನೇಳು ಬೇಸಿಗೆ ಮುಖ ಮಾಡಿ ಕೂತಿದ್ದನಲ್ಲ.

ಸೆರಗಿನೊಳಗಿಂದ ಮಗಳ ದನಿ ಕೂಗುತ್ತಿತ್ತು. "ಅಮ್ಮಾ, ಇದೀಯಾ? ನಾನು ಕೈ ಬೀಸ್ತಿದೀನಿ ನೋಡು, ಅಪ್ಪಂಗೆ ಬೀಸ್ತಿದ್ದ ಹಾಗೆ. ಪಕ್ಕದ ಮನೆಯವರು ನಂಗೆ ಹುಚ್ಚು ಅಂದ್ಕೊಂಡಿರ್ಬೇಕು. ಕಾಣ್ತಾ?"

ಟೈಲರಮ್ಮ ಗುಡ್ಡವನ್ನು ನೋಡಿದಳು. ಅದರಾಚೆ ಇಪ್ಪತ್ತೆಂಟು ವರ್ಷದ ಹೆಂಗಸು ತಾರಸಿಯ ಮೇಲೆ ನಿಂತು, ನಾಲ್ಕು ವರ್ಷದವಳಾಗಿ ಕೈ ಬೀಸುತ್ತಿದ್ದಳು.

"ಕಾಣ್ತು ಕಣೆ."

"ಚೆನ್ನಾಗಿ ಕಾಣ್ತಾ?"

"ಅಂಗೈ ಮೇಲಿಟ್ಟ ಹಾಗೆ."

"ಹಾಗಾದ್ರೆ ಅಪ್ಪ ಅವತ್ತು ನಿಜವಾಗ್ಲೂ…"

"ಹೂಂ. ನಿದ್ದೆ ಹೋಗಿದ್ರು." ಮಾತು ಬಾಯಿಂದ ಹೊರಟ ಮೇಲೆ, ಇದನ್ನು ಆಡಲು ಅವನಿಗೆ ಎಷ್ಟು ಭಾರವಾಗಿತ್ತೆಂದು ಅವಳ ನಾಲಿಗೆಗೇ ತಿಳಿಯಿತು. "ಪಾಪ, ದಣಿದಿದ್ರು."

ಮಗಳು ಅಳುತ್ತಿದ್ದಳು. ಅಮ್ಮನ ಬಾಯಲ್ಲಿ ಅಪ್ಪನಿಗೆ ಪಾಪ ಎನ್ನುವುದನ್ನು ಅವಳು ಕೇಳಿದ್ದು ಇದೇ ಮೊದಲು. "ಚಾದರ ತೆಗೀಲಾ?"

"ಬೇಡ. ನಾನು ಬರೋವರೆಗೂ ಇರಲಿ."

ಡ್ರೈವರು ಗಾಜಿನ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದ. ಅವಳು ಸೆರಗಿನ ತುದಿಯಿಂದ ಸ್ಟೂಲಿನ ಧೂಳು ಒರೆಸಿದಳು, ಯಾರೋ ಈಗ ಬಂದು ಕೂರುತ್ತಾರೆ ಎಂಬಂತೆ. ಆಮೇಲೆ ಮೆಟ್ಟಿಲ ಕಡೆ ಹೊರಟಳು.

"ನಡಿ ಡ್ರೈವರಪ್ಪ," ಎಂದಳು. "ಮಗು ಕೆಂಪು ಹಾಕಿದಾಳೆ. ಕಾಯಿಸೋದು ಬೇಡ."