ನಾಲ್ಕನೇದು ಅಂತ ಬರೀರಿ

ನಮ್ಮತ್ತೆ ಅಶ್ವತ್ಥಮ್ಮ ಸುಳ್ಳು ಹೇಳೋ ಹೆಂಗಸಲ್ಲ. ಆದರೆ ಚಿಕ್ಕಬಳ್ಳಾಪುರದ ಆಸ್ಪತ್ರೇಲಿ ಡಾಕ್ಟರ್ ಶಾಂಭವಿ "ಇದು ಎಷ್ಟನೇದು?" ಅಂದಾಗ, ನಾನು ಬಾಯಿ ತೆಗೆಯೋಕೆ ಮುಂಚೇನೇ "ಚೊಚ್ಚಲು ಡಾಕ್ಟ್ರಮ್ಮ" ಅಂದುಬಿಟ್ಟರು.

ಚೊಚ್ಚಲಂತೆ! ನಾಲ್ಕು ವರ್ಷದಲ್ಲಿ ಮೂರು ಹೋಗಿದ್ವು. ಎರಡು ಮೂರನೇ ತಿಂಗಳಲ್ಲಿ, ಒಂದು ಐದರಲ್ಲಿ. ಕಳವಾರದ ನಮ್ಮ ಮನೇಲಿ ಹೋದವನ್ನ ಎಣಿಸೋ ಹಾಗಿಲ್ಲ. ಬಾಯಲ್ಲಿ ಅಂದರೆ ಹೊಟ್ಟೇಲಿರೋದಕ್ಕೂ ದಾರಿ ತೋರಿಸಿದ ಹಾಗಂತೆ. ಅದಕ್ಕೇ ಅತ್ತೆ ನನ್ನ ಹಳೇ ತಾಯಿ ಕಾರ್ಡುಗಳನ್ನ ಒಲೆಗೆ ಹಾಕಿ, ಹೊಸ ಕಾರ್ಡು ಮಾಡಿಸಿ, ಈ ಹೊಸ ಆಸ್ಪತ್ರೆಗೆ ಕರ್ಕೊಂಡು ಬಂದಿದ್ದು. ನನ್ನ ಗಂಡ ನರೇಂದ್ರ "ಅಮ್ಮ ಹೇಳ್ದಂಗೆ ಕೇಳೇ ಭಾನು" ಅಂದು ದ್ರಾಕ್ಷಿ ತೋಟಕ್ಕೆ ಹೊರಟುಹೋದ. ದೊಡ್ಡ ಶೂರ!

ನರ್ಸು ಬರೆಯೋಕೆ ಶುರುಮಾಡಿದಳು. ನನಗೆ ಮೈಯೆಲ್ಲ ಉರೀತು. ಈ ಮಗು ನನಗೆ ಬೇಕು. ಅದನ್ನ ಸಾಕೋಕೆ ನಾನೂ ಬದುಕಿರಬೇಕು.

"ನಾಲ್ಕನೇದು ಅಂತ ಬರೀರಿ" ಅಂದೆ. "ಮೂರು ನಿಲ್ಲಲಿಲ್ಲ. ಕೊನೇ ಸಲ ಬಿಪಿ ಏರಿ ಕಣ್ಣು ಮಂಜಾಗಿತ್ತು."

ಅತ್ತೆ ತೊಡೆ ಚಿವುಟಿದರು. ಚಿವುಟಲಿ ಬಿಡಿ.

ಡಾಕ್ಟರ್ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಬಿಪಿ ಆಗಲೇ ನೂರಾ ನಲವತ್ತರ ಮೇಲೆ. "ಒಳ್ಳೇ ಕೆಲಸ ಮಾಡಿದ್ರಿ" ಅಂದರು. "ಮೇಲಿಂದ ಮೇಲೆ ಹೋದೋರಿಗೆ ಮುಂದಿನ ಬಸಿರಲ್ಲಿ ಬಿಪಿ ಏರೋದು, ದಿನ ತುಂಬೋಕೆ ಮುಂಚೆ ಹೆರಿಗೆ ಆಗೋದು ಜಾಸ್ತಿ. ಚೊಚ್ಚಲು ಅಂದ್ಕೊಂಡಿದ್ರೆ, ಗಾಬರಿಗೆ ಬಿಪಿ ಏರಿದೆ ಅಂತ ತಿಂಗಳು ಬಿಟ್ಟು ಬನ್ನಿ ಅಂತಿದ್ದೆ. ಈಗ ಹದಿನೈದು ದಿನಕ್ಕೊಂದು ಸಲ ಬರಬೇಕು, ಮಾತ್ರೆ ಇವತ್ತಿಂದಲೇ. ಈಗಿನ್ನೂ ಮೂರನೇ ತಿಂಗಳಲ್ವಾ, ಹೆದರ್ಬೇಡಿ. ನೋಡ್ಕೊಳ್ಳೋಣ."

ಸದ್ಯ! ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು.

"ನಿಮ್ಮ ಕಡೆ, ಗಂಡನ ಕಡೆ ಯಾರಿಗಾದ್ರೂ ಹೀಗಾಗಿತ್ತಾ?"

"ನಮ್ಮ ಕಡೆ ಇಲ್ಲ" ಅಂದೆ. ಅತ್ತೆಯೂ ಇಲ್ಲ ಅಂತಾರೆ ಅಂದ್ಕೊಂಡೆ. ಅವರ ಕಡೆ ತಿರುಗಿ ನೋಡಿದೆ. ನಾನು ಮದುವೆಯಾಗಿ ಬಂದಮೇಲೆ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

"ನನಗಾಗಿತ್ತು" ಅಂದರು. "ನರೇಂದ್ರನಿಗೆ ಮುಂಚೆ ಐದು ಹೋದ್ವು. ಇವಳ ಮಾವನಿಗೆ ಎರಡೇ ಗೊತ್ತು."

ನರ್ಸು ಏನು ಬರೆಯೋದು ಅಂತ ಡಾಕ್ಟರ ಮುಖ ನೋಡಿದಳು.

"ಅವರನ್ನೇನು ನೋಡ್ತೀಯಮ್ಮ" ಅಂದರು ಅತ್ತೆ, ಸೆರಗಲ್ಲಿ ಮೂಗೊರೆಸ್ಕೊಂಡು. "ಐದೂ ಬರ್ಕೋ."