ದಾಸಮ್ಮನ ಎದೆಯೊಳಗಿನ ಕ್ಲಿಪ್ಪು

ಕನಕಪುರದ ಹೃದಯ ತಪಾಸಣಾ ಶಿಬಿರಕ್ಕೆ ಬೀರಯ್ಯ ಹೆಂಡತಿ ದಾಸಮ್ಮನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಬಂದ. ಹಾರೋಹಳ್ಳಿಯ ಹೊಸ ಕಾರ್ಖಾನೆಗಳ ಕಾಂಪೌಂಡ್ ಪಕ್ಕ ಕುರಿ ಮೇಯಿಸುವವರು ಅವರು. ಹಿಂದಿನ ವರ್ಷ ಬೆಂಗಳೂರಿನಲ್ಲಿ ಅವಳ ಹೃದಯದ ಕವಾಟ ಬದಲಾಯಿಸಿದ್ದರು. ಈಗ ಕಣ್ಣು ಹಳದಿ, ಮಾತಾಡಿದರೂ ಏದುಸಿರು.

"ಉಚ್ಚೆ ಕಾಫಿ ಡಿಕಾಕ್ಷನ್ ಥರ ಹೋಯ್ತದೆ ಕಣವ್ವ," ಎಂದಳು.

ಪರೀಕ್ಷಿಸುತ್ತಿದ್ದ ಡಾಕ್ಟರ್ ಸೌಮ್ಯ ಮಾಗಡಿಯವಳು, ದಾಸಮ್ಮನಿಗೆ ಆಪರೇಷನ್ ಆದ ಆಸ್ಪತ್ರೆಯಲ್ಲೇ ಕಿರಿಯ ಸರ್ಜನ್. ಎಕೋ ಸ್ಕ್ಯಾನಿನಲ್ಲಿ ನೋಡಿದರೆ ಕವಾಟದ ಅಂಚಿನ ಹೊಲಿಗೆ ಬಿಟ್ಟಿತ್ತು. ಆ ಸಂದಿಯಿಂದ ರಕ್ತ ಚಿಮ್ಮಿ, ರಕ್ತಕಣಗಳು ಒಡೆದು ಕಣ್ಣಿಗೂ ಉಚ್ಚೆಗೂ ಆ ಬಣ್ಣ ಬಂದಿತ್ತು.

"ಇಷ್ಟು ದಿನ ಯಾಕೆ ಆಸ್ಪತ್ರೆಗೆ ಬರಲಿಲ್ಲ?"

"ಬರ್ದೇ ಏನು? ಎಷ್ಟ್ ಕಿತ ಬಂದ್ವಿ!" ಬೀರಯ್ಯ ರೇಗಿದ. "ಜಯಕುಮಾರ್ ಡಾಕ್ಟ್ರು ಮಾತ್ರೆ ಕೊಟ್ಟು, ಎಲ್ಲಾ ಸರಿಯಾಗೈತೆ ಹೋಗಿ ಅಂದ್ಬುಟ್ರು."

ಜಯಕುಮಾರ್ ಸೌಮ್ಯಳ ಹಿರಿಯ ಸರ್ಜನ್, ದಾಸಮ್ಮನಿಗೆ ಆಪರೇಷನ್ ಮಾಡಿದವನು. ಕವಾಟ ಹೊಲಿದ ದಾರವನ್ನು ಕೆಲವರಿಗೆ ಕೈಯಿಂದ ಗಂಟು ಹಾಕಿ, ಕೆಲವರಿಗೆ ಹೊಸ ಲೋಹದ ಕ್ಲಿಪ್ ಒತ್ತಿ, ಯಾವುದು ಮೇಲೆಂದು ಹೋಲಿಸಿ ನೋಡುತ್ತಿದ್ದ. ದಾಸಮ್ಮನಿಗೆ ಹಾಕಿದ್ದು ಕ್ಲಿಪ್.

ಅವಳನ್ನು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿ, ಸೌಮ್ಯ ಸಂಜೆ ರಾಮನಗರದ ಬಳಿಯ ರೆಸಾರ್ಟಿಗೆ ಹೋದಳು. ಅಲ್ಲಿ ಕ್ಲಿಪ್ ಕಂಪನಿಯ ಔತಣ. ಜಯಕುಮಾರ್ ನಲ್ಲಿ ಮೂಳೆ ಚೀಪುತ್ತಲೇ ಹೇಳಿದ:

"ಕ್ಲಿಪ್ ಹಾಕಿದವರಲ್ಲಿ ಒಬ್ಬರಿಗೂ ಸೋರಿಕೆ ಇಲ್ಲ. ಒಬ್ಬಳು ಕುರಿ ಕಾಯೋಳು ಮಾತ್ರ ವಾಪಸ್ ಬರಲೇ ಇಲ್ಲ. ಅವಳನ್ನ ಲೆಕ್ಕದಿಂದ ಬಿಟ್ಟಿದ್ದೀವಿ."

ಎಲ್ಲರೂ ಚಪ್ಪಾಳೆ ತಟ್ಟಿದರು.

"ಅವಳು ಬಂದಿದ್ಲು ಸರ್. ನೀವೇ ಮಾತ್ರೆ ಕೊಟ್ಟು ಕಳಿಸಿದ್ದು," ಎಂದಳು ಸೌಮ್ಯ ಎದ್ದುನಿಂತು. "ಈಗ ನಮ್ಮ ಐಸಿಯುನಲ್ಲಿದ್ದಾಳೆ."

ಜಯಕುಮಾರ್ ಬೆರಳು ನೆಕ್ಕಿ ನಕ್ಕ. "ಕೈಗಂಟೂ ಸಡಿಲಾಗುತ್ತಮ್ಮ. ಕೂತ್ಕೊ, ಊಟ ಮಾಡು. ಈ ಕ್ಲಿಪ್ಪಿನ ಸಂಶೋಧನಾ ಪ್ರಬಂಧದಲ್ಲಿ ನಿನ್ನ ಹೆಸರೂ ಸೇರಿಸೋಣ." ಅದೇ ಎಂಜಲು ಕೈಯಿಂದ ಮಾಂಸದ ಬಟ್ಟಲನ್ನು ಅವಳತ್ತ ತಳ್ಳಿದ.

ಕೈಗಂಟು ಸಡಿಲಾಗುವುದು ನಿಜವೇ. ಆ ನಿಜವನ್ನು ಅವನು ಸುಳ್ಳು ಮುಚ್ಚಲು ಬಳಸುತ್ತಿದ್ದ. ಹೊರಗೋಡಿ ಹೂಗಿಡಗಳ ಬುಡದಲ್ಲಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದರೂ ಆ ಮಸಾಲೆ ವಾಸನೆ ಹೋಗಲಿಲ್ಲ.

ಮರುದಿನ ಬೇರೊಬ್ಬ ಸರ್ಜನ್ ದಾಸಮ್ಮನ ಎದೆ ಮತ್ತೆ ತೆರೆದರು. ಜಾರಿದ ಕ್ಲಿಪ್‌ಗಳನ್ನು ಕಿತ್ತು, ಹೊಸದಾಗಿ ಹೊಲಿದು ಕೈಯಿಂದಲೇ ಗಂಟು ಹಾಕಿದರು. ಅವಳು ಉಳಿದಳು. ಸೌಮ್ಯ ದೂರು ಕೊಟ್ಟಳು. ಪ್ರಬಂಧ ನಿಂತಿತು, ಜಯಕುಮಾರ್ ಮಾತ್ರ ಅದೇ ಕುರ್ಚಿಯಲ್ಲಿ ಉಳಿದ.

ದಾಸಮ್ಮ ಎದ್ದು ಕೂರುವಂತಾದಾಗ ಸೌಮ್ಯ ಎಲ್ಲವನ್ನೂ ಬಿಡಿಸಿ ಹೇಳಿದಳು. ತನ್ನನ್ನು ಇಂಥ ಹೋಲಿಕೆಗೆ ಸೇರಿಸಿದ್ದರೆಂದು ದಾಸಮ್ಮನಿಗೆ ಗೊತ್ತಾದದ್ದೇ ಆಗ.

"ನಾವು ಕುರಿ ಕಡಿಯೋಕ್ ಮುಂಚೆ ಅದ್ರ ತಲೆ ಮ್ಯಾಲೆ ನೀರ್ ಹಾಕಿ, ಮೈ ಒದರೋವರ್ಗೂ ಕಾಯ್ತೀವಿ. ಒದರಿದ್ರೆ ಒಪ್ತು ಅಂತ. ನನ್ನ ಅಷ್ಟೂ ಕೇಳ್ನಿಲ್ವಲ್ಲವ್ವ ನೀವು. ಥೂ!"

ಸೌಮ್ಯ ತಂದಿದ್ದ ಎಳನೀರನ್ನು ಮುಟ್ಟದೆ ಅವಳು ಗೋಡೆಯ ಕಡೆ ತಿರುಗಿದಳು.